ಮನೆಯ ಲ್ಯಾಪ್‌ಟಾಪಿನಲ್ಲಿ ಹವಾಮಾನ ಮಾದರಿ: ಕುಮಟೆಯ ಮೇಡಂ ಅವರಿಗೆ ಪ್ರಶ್ನೆಗಳು

ನಿರ್ವಾಹಕರು, ಶಿರಸಿ: ಎಲ್ಲರಿಗೂ ನಮಸ್ಕಾರ. ಡಬ್ಲ್ಯುಆರ್‌ಎಫ್ ಹವಾಮಾನ ಮಾದರಿಯನ್ನು ಸ್ವಂತ ಕಂಪ್ಯೂಟರಿನಲ್ಲಿ ಕೂರಿಸಲು ಹೋಗಿ ತೊಡಕಿಗೆ ಸಿಕ್ಕವರು ನಮ್ಮಲ್ಲಿ ಹಲವರಿದ್ದಾರೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿ ಈಗ ಕುಮಟೆಯಲ್ಲಿ ನೆಲೆಸಿರುವ ಮೇಡಂ ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ಅಂಕೋಲೆಯ ಶಿಕ್ಷಕ: ಮೇಡಂ, ನಮಸ್ಕಾರ. ನನ್ನದು ವಿಂಡೋಸ್ ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್. ಇದರಲ್ಲಿ ಆಗುತ್ತದೆಯೇ? ಎಲ್ಲಿಂದ ಆರಂಭಿಸಲಿ?

ಮೇಡಂ: ನಮಸ್ಕಾರ ಸರ್. ಆಗುತ್ತದೆ, ಸಣ್ಣ ಪ್ರದೇಶಕ್ಕೆ. ಈ ಮಾದರಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ನಡೆಯುವಂಥದ್ದು. ನೀವು ವಿಂಡೋಸನ್ನು ತೆಗೆಯಬೇಕಾಗಿಲ್ಲ. ಅದರೊಳಗೇ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯವಿದೆ, ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕಿಕೊಳ್ಳಿ. ಒಂದು ಎಚ್ಚರ: ಮಾದರಿಯ ಫೈಲುಗಳನ್ನು ವಿಂಡೋಸಿನ ಸಿ ಡ್ರೈವಿನಲ್ಲಿ ಇಡಬೇಡಿ, ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವಿನಲ್ಲಿಟ್ಟರೆ ಕಂಪೈಲ್, ಎಂದರೆ ಮೂಲ ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸ, ತೆವಳುತ್ತದೆ. ಇನ್ನೊಂದು, ಡಬ್ಲ್ಯುಎಸ್‌ಎಲ್ ಸಾಮಾನ್ಯವಾಗಿ ಯಂತ್ರದ ಅರ್ಧ ರ್‍ಯಾಮನ್ನು ಮಾತ್ರ ಬಳಸುತ್ತದೆ. ನಿಮ್ಮ ಎಂಟರಲ್ಲಿ ನಾಲ್ಕೇ ಕೈಗೆ ಸಿಗುವುದು. ಅದರ ಸೆಟ್ಟಿಂಗ್ ಫೈಲಿನಲ್ಲಿ ಆರಕ್ಕೆ ಏರಿಸಿಕೊಳ್ಳಬಹುದು. ಭೂಪ್ರದೇಶದ ದತ್ತಾಂಶ ಡೌನ್‌ಲೋಡ್ ಮಾಡುವಾಗ ಸುಮಾರು 2.6 ಜಿಬಿ, ಬಿಚ್ಚಿದ ಮೇಲೆ 29 ಜಿಬಿ. ಡಿಸ್ಕಿನಲ್ಲಿ ಜಾಗ ನೋಡಿಕೊಂಡು ಹೊರಡಿ.

ಹೊನ್ನಾವರದ ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಡಬ್ಲ್ಯುಆರ್‌ಎಫ್ ಕಂಪೈಲ್ ಆಗಿದೆ. ಆದರೆ ಅದಕ್ಕೆ ದತ್ತಾಂಶ ಸಿದ್ಧಪಡಿಸುವ ಡಬ್ಲ್ಯುಪಿಎಸ್‌ನಲ್ಲಿ ಅನ್‌ಗ್ರಿಬ್ ಎಂಬ ಪ್ರೋಗ್ರಾಮ್ ಮಾತ್ರ ಹುಟ್ಟುತ್ತಿಲ್ಲ. ಜಿಯೋಗ್ರಿಡ್, ಮೆಟ್‌ಗ್ರಿಡ್ ಎರಡೂ ಇವೆ. ಮೂರು ದಿನಗಳಿಂದ ಇಲ್ಲೇ ನಿಂತಿದ್ದೇನೆ.

ಮೇಡಂ: ಜ್ಯಾಸ್ಪರ್ ಲೈಬ್ರರಿ ಇಲ್ಲ, ಅಷ್ಟೇ ತಂಗಿ. ನಾವು ಮಾದರಿಗೆ ಕೊಡುವ ಜಿಎಫ್‌ಎಸ್ (ಅಮೆರಿಕದ ಜಾಗತಿಕ ಹವಾಮಾನ ಮಾದರಿ) ದತ್ತಾಂಶ ಬರುವುದು ಗ್ರಿಬ್ 2 ಎಂಬ ಫೈಲ್ ರೂಪದಲ್ಲಿ. ಅದನ್ನು ಬಿಚ್ಚಲು ಜ್ಯಾಸ್ಪರ್, ಪಿಎನ್‌ಜಿ, ಝಡ್‌ಲಿಬ್ ಮೂರೂ ಬೇಕು. ಉಬುಂಟು 18.04ರಿಂದ ಈಚೆಗೆ ಅದರ ಭಂಡಾರದಲ್ಲಿ ಹಳೆಯ ಜ್ಯಾಸ್ಪರ್ ಸಿಗುವುದಿಲ್ಲ. ಮೂಲ ಕೋಡಿನಿಂದ ನೀವೇ ಕಟ್ಟಿಕೊಳ್ಳಬೇಕು. ನಿಮ್ಮದು ಡಬ್ಲ್ಯುಪಿಎಸ್ 4.4 ಅಥವಾ ಅದರ ನಂತರದ್ದಾದರೆ, ಕಾನ್ಫಿಗರ್ ಮಾಡುವಾಗಲೇ ಗ್ರಿಬ್ 2 ಲೈಬ್ರರಿಗಳನ್ನು ತಾನೇ ಕಟ್ಟುವ ಆಯ್ಕೆ ಇದೆ, ಅದನ್ನು ಕೊಡಿ. ಮಾದರಿಗೆ ಬೇಕಾದ ನೆಟ್‌ಸಿಡಿಎಫ್ ಫೋರ್ಟ್ರಾನ್ ಲೈಬ್ರರಿಯನ್ನು ಯಾವ ಕಂಪೈಲರಿನಿಂದ ಕಟ್ಟಿದಿರೋ ಮಾದರಿಯನ್ನೂ ಅದರಿಂದಲೇ ಕಟ್ಟಿ. ಒಂದು ಜಿಫೋರ್ಟ್ರಾನ್, ಇನ್ನೊಂದು ಇಂಟೆಲ್ ಆದರೆ ಮತ್ತೆ ಮೂರು ದಿನ ಹೋಗುತ್ತದೆ.

ಸಿದ್ದಾಪುರದ ಸದಸ್ಯ: 8 ಜಿಬಿ ರ್‍ಯಾಮ್ ಸಾಕಾಗುತ್ತದೆಯೇ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಭಟ್ಕಳದ ಕಂಪ್ಯೂಟರ್ ಅಂಗಡಿಯವರು: ಇಷ್ಟೆಲ್ಲ ಕಷ್ಟ ಯಾಕೆ? ನನಗೊಂದು ಸಂದೇಶ ಬಂದಿದೆ, ಎಲ್ಲರಿಗೂ ಅನುಕೂಲವಾಗಲಿ ಎಂದು ಹಾಕುತ್ತಿದ್ದೇನೆ: "ಆ್ಯಂಟಿವೈರಸ್ ಆಫ್ ಮಾಡಿ. ಕೆಳಗಿನ ಸ್ಕ್ರಿಪ್ಟನ್ನು ರೂಟ್ ಅಧಿಕಾರದಲ್ಲಿ ನಡೆಸಿ. ಎಲ್ಲ ಫೈಲುಗಳಿಗೂ 777 ಅನುಮತಿ ಕೊಡಿ. ಹತ್ತು ನಿಮಿಷದಲ್ಲಿ ಡಬ್ಲ್ಯುಆರ್‌ಎಫ್ ಸಿದ್ಧ. ಹತ್ತು ಜನರಿಗೆ ಕಳುಹಿಸಿ."

ಮೇಡಂ: ಇದನ್ನು ಯಾರೂ ನಡೆಸಬೇಡಿ. ಯಾರು ಬರೆದರೆಂದು ತಿಳಿಯದ ಸ್ಕ್ರಿಪ್ಟಿಗೆ ರೂಟ್ ಪಾಸ್‌ವರ್ಡ್, ಅಂದರೆ ಯಂತ್ರದ ಪೂರ್ಣ ಅಧಿಕಾರ, ಕೊಡುವುದೆಂದರೆ ಮನೆಯ ಬೀಗದ ಕೈಯನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದಂತೆ. 777 ಎಂದರೆ ಫೈಲನ್ನು ಯಾರು ಬೇಕಾದರೂ ತಿದ್ದಲು, ನಡೆಸಲು ಅನುಮತಿ. ಅದರಿಂದ ಕಂಪೈಲ್ ದೋಷ ಯಾವುದೂ ಹೋಗುವುದಿಲ್ಲ. ಮಾದರಿಯನ್ನು ಕಂಪೈಲ್ ಮಾಡಲಷ್ಟೇ ಸಾಧಾರಣ ಲ್ಯಾಪ್‌ಟಾಪಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹತ್ತು ನಿಮಿಷದ ಮಾತು ಸುಳ್ಳು.

ಭಟ್ಕಳದ ಕಂಪ್ಯೂಟರ್ ಅಂಗಡಿಯವರು: ನಾನು ಒಳ್ಳೆಯ ಉದ್ದೇಶದಿಂದಲೇ ಹಾಕಿದೆ. ಬೇಡವಾದರೆ ಪೆನ್‌ಡ್ರೈವಿನಲ್ಲಿ ಸಿದ್ಧ ಫೈಲುಗಳನ್ನು ಕೊಡಬಲ್ಲೆ.

ಹೊನ್ನಾವರದ ಸಂಶೋಧನಾ ವಿದ್ಯಾರ್ಥಿನಿ: ಸರ್, ಬೇರೆ ಯಂತ್ರದಲ್ಲಿ ಕಟ್ಟಿದ ಫೈಲು ಆ ಯಂತ್ರದ ಲೈಬ್ರರಿಗಳನ್ನೇ ಹುಡುಕುತ್ತದೆ. ಕಳೆದ ವರ್ಷ ಹಾಗೆಯೇ ತಂದುಕೊಂಡು ನಾನು ಒಂದು ವಾರ ಕಳೆದುಕೊಂಡೆ.

ಮುಂಡಗೋಡಿನ ಸದಸ್ಯ: ವಿಂಡೋಸಿನಲ್ಲಿ ನೇರವಾಗಿ ನಡೆಯುತ್ತದೆಯೇ?

ಮೇಡಂ: ಇಲ್ಲ. ಮೇಲೆ ಓದಿ.

ಶಿರಸಿಯ ಅರಣ್ಯ ವಿದ್ಯಾರ್ಥಿ: ರಾಮಪತ್ರೆ ಜಡ್ಡಿಗಳು (ರಾಮಪತ್ರೆ ಮರಗಳ ಜೌಗು ಕಾಡುಗಳು) ಎಲ್ಲೆಲ್ಲಿ ಉಳಿಯಬಲ್ಲವು ಎಂದು ನೋಡಲು ಮ್ಯಾಕ್ಸೆಂಟ್ ಎಂಬ ತಂತ್ರಾಂಶ ಬಳಸಬೇಕೆಂದಿದ್ದೇನೆ. ಡಬ್ಲ್ಯುಆರ್‌ಎಫ್‌ನ ಮಳೆಯನ್ನು ಅದಕ್ಕೆ ಕೊಡಬಹುದೇ?

ದಾಂಡೇಲಿಯ ಎಂಜಿನಿಯರ್: ನಮ್ಮಲ್ಲಿ ದಿನಕ್ಕೆರಡು ಸಲ ಕರೆಂಟ್ ಹೋಗುತ್ತದೆ. ಹದಿನೆಂಟು ಗಂಟೆ ಓಡಿದ ಮಾದರಿ ಮೊದಲಿನಿಂದ ಆರಂಭವಾಗುತ್ತಿದೆ.

ಮೇಡಂ: ನೇಮ್‌ಲಿಸ್ಟ್ ಎಂಬ ಮಾದರಿಯ ಸೆಟ್ಟಿಂಗ್ ಫೈಲಿನಲ್ಲಿ ರೀಸ್ಟಾರ್ಟ್ ಅಂತರವನ್ನು ನಿಮಿಷಗಳಲ್ಲಿ ಕೊಡಬೇಕು. 180 ಎಂದಿಡಿ, ಮಾದರಿಯ ಪ್ರತಿ ಮೂರು ಗಂಟೆಗೆ ಒಂದು ಫೈಲು ಬೀಳುತ್ತದೆ. ಕರೆಂಟ್ ಬಂದ ಮೇಲೆ ರೀಸ್ಟಾರ್ಟನ್ನು ನಿಜ (true) ಎಂದು ಬದಲಿಸಿ, ಆರಂಭದ ಸಮಯವನ್ನು ಆ ಫೈಲಿನ ಸಮಯಕ್ಕೆ ತಂದು, ಮತ್ತೆ ಓಡಿಸಿ.

ಕಾರವಾರದ ವಿದ್ಯಾರ್ಥಿ: ಅಕ್ಕ, ನನ್ನ ಮಾದರಿ ಕೊನೆಯವರೆಗೂ ಯಶಸ್ವಿಯಾಗಿ ಓಡಿತು! 3 ಕಿಲೋಮೀಟರ್ ಚೌಕಗಳ ಜಾಲ, ಒಂದೇ ಡೊಮೈನ್ (ಲೆಕ್ಕ ಹಾಕುವ ಪ್ರದೇಶ). ನಾಳೆಯ ಗಾಳಿಯ ಚಿತ್ರಗಳನ್ನು ಅಪ್ಪನ ಮೀನುಗಾರರ ಗುಂಪಿಗೆ ಹಾಕಿದ್ದೇನೆ. "ಮಧ್ಯಾಹ್ನ ಮೂರರ ಮೇಲೆ ಗಾಳಿ ಇಳಿಯುತ್ತದೆ, ಆಮೇಲೆ ದೋಣಿ ಇಳಿಸಬಹುದು" ಎಂದು ಬರೆದಿದ್ದೇನೆ. ಚಿತ್ರದ ಬಣ್ಣಗಳು ಇನ್ನೂ ಚೆನ್ನಾಗಿ ಬರಲು ಏನು ಮಾಡಲಿ?

ಮೇಡಂ: ಬಣ್ಣದ ಮಾತು ಆಮೇಲೆ. ಆ ಚಿತ್ರದ ಮೇಲೆ ಸಮಯ ಹೇಗೆ ಬರೆದಿದೆ? ಇದ್ದ ಹಾಗೆ ಹೇಳು.

ಕಾರವಾರದ ವಿದ್ಯಾರ್ಥಿ: ತಾರೀಖಿನ ಮುಂದೆ 15:00:00 ಎಂದಿದೆ ಅಕ್ಕ.

ಮೇಡಂ: ಹಾಗಾದರೆ ಆ ಸಂದೇಶವನ್ನು ಈಗಲೇ ಅಳಿಸಿ ಬಾ, ಆಮೇಲೆ ಮುಂದಿನದನ್ನು ಓದು.

ಮಾದರಿ ಬರೆಯುವುದು ಗ್ರೀನಿಚ್ ಸಮಯ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಸೇರಿಸಬೇಕು. ಅದರ 15:00 ಎಂದರೆ ನಮ್ಮ ರಾತ್ರಿ ಎಂಟೂವರೆ. ಫೆಬ್ರವರಿಯಲ್ಲಿ ನಮ್ಮ ಕರಾವಳಿಯ ಗಾಳಿ ಹೇಗೆ ನಡೆಯುತ್ತದೆಂದು ನಿನ್ನ ಅಪ್ಪನನ್ನು ಕೇಳು. ಬೆಳಗಿನ ಜಾವ ನೆಲದಿಂದ ಕಡಲಿಗೆ ತಣ್ಣನೆ ಬೀಸುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಹುಟ್ಟುತ್ತದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಅದರ ಜೋರು. ರಾತ್ರಿಯಾಗುತ್ತಿದ್ದಂತೆ ಬಿದ್ದುಹೋಗುತ್ತದೆ. ನಿನ್ನ ಮಾದರಿ ಅದನ್ನು ಸರಿಯಾಗಿಯೇ ತೋರಿಸಿದೆ, ನೀನು ಓದಿದ್ದು ತಪ್ಪು. ಗಾಳಿ ಎಲ್ಲಕ್ಕಿಂತ ಜೋರಾಗಿರುವ ಹೊತ್ತಿಗೇ ದೋಣಿ ಇಳಿಸಿ ಎಂದು ನೀನು ಜನರಿಗೆ ಹೇಳಿದ್ದೀಯ. ದೊಡ್ಡ ಟ್ರಾಲರಿಗೆ ಅದು ದೊಡ್ಡದಲ್ಲದಿರಬಹುದು. ಪಾತಿ ದೋಣಿಯಲ್ಲಿ ಇಬ್ಬರು ಹೋದರೆ?

ಎರಡನೆಯದು. ಡಬ್ಲ್ಯುಆರ್‌ಎಫ್ ಗಾಳಿಯನ್ನು ಲೆಕ್ಕ ಹಾಕುತ್ತದೆ, ಅಲೆಯನ್ನಲ್ಲ. ಅಲೆಗೆ ಸ್ವಾನ್ ಅಥವಾ ವೇವ್‌ವಾಚ್‌ನಂಥ ಬೇರೆ ಮಾದರಿ ಬೇಕು. ನಮ್ಮಲ್ಲಿ ಎಲೆ ಅಲುಗದ ದಿನವೂ ದಕ್ಷಿಣ ಮಹಾಸಾಗರದಲ್ಲಿ ಹುಟ್ಟಿದ ಉಬ್ಬಲೆ ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ದಡಕ್ಕೆ ಬರಬಲ್ಲದು. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಉಬ್ಬಲೆ ಎದುರಿನಿಂದ ಬರುತ್ತದೆ. ಅಳಿವೆಯ ಮರಳಿನ ಮೇಲೆ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಕಾಳಿಯಿರಲಿ, ಅಘನಾಶಿನಿಯಿರಲಿ, ಶರಾವತಿಯಿರಲಿ, ಅಳಿವೆ ದಾಟುವಾಗಲೇ ದೋಣಿ ಮಗುಚುವ ಭಯ. ಗಾಳಿಯ ಚಿತ್ರದಲ್ಲಿ ಇದರ ಸುಳಿವೂ ಇರುವುದಿಲ್ಲ.

ಮೂರನೆಯದು ನಿನ್ನ ಡೊಮೈನ್. ಜಿಎಫ್‌ಎಸ್ ದತ್ತಾಂಶದ ಜಾಲ ಕಾಲು ಡಿಗ್ರಿ, ಎಂದರೆ ಸುಮಾರು 28 ಕಿಲೋಮೀಟರ್. ಅಲ್ಲಿಂದ ಒಂದೇ ನೆಗೆತಕ್ಕೆ 3ಕ್ಕೆ ಇಳಿಯಬೇಡ. ಹೊರಗೆ 9, ಒಳಗೆ 3 ಎಂದು ಎರಡು ಡೊಮೈನ್ ಇಡು. ಕಾಲದ ಹೆಜ್ಜೆ ಹೊರಗಿನ ಜಾಲದ ಕಿಲೋಮೀಟರಿನ ಆರರಷ್ಟು, 54 ಸೆಕೆಂಡ್. ಒಳಗಿನದಕ್ಕೆ ಅದರ ಮೂರನೆಯ ಒಂದು ಪಾಲು. ಸಹ್ಯಾದ್ರಿಯ ಕಡಿದಾದ ಇಳಿಜಾರಿನ ಮೇಲೆ ಅದು ಮುರಿದುಬಿದ್ದರೆ ಇನ್ನೂ ಇಳಿಸು. 3 ಕಿಲೋಮೀಟರಿನಲ್ಲಿ ಮೋಡರಾಶಿಯ ಅಂದಾಜು ಸೂತ್ರವನ್ನು ಆಫ್ ಮಾಡು, ಹೊರಗಿನದರಲ್ಲಿ ಮಾತ್ರ ಇರಲಿ. ಮೊದಲ ಆರರಿಂದ ಹನ್ನೆರಡು ಗಂಟೆಗಳ ಫಲಿತಾಂಶವನ್ನು ನಂಬಬೇಡ, ಮಾದರಿ ಆಗಿನ್ನೂ ಹದಕ್ಕೆ ಬರುತ್ತಿರುತ್ತದೆ. 3 ಕಿಲೋಮೀಟರಿನ ಜಾಲದಲ್ಲೂ ಕಾಳಿಯ ಅಳಿವೆ ಎಂದರೆ ಒಂದೆರಡು ಚೌಕ. ಕೂರ್ಮಗಡ ದ್ವೀಪ ಅದರಲ್ಲಿ ಇರುವುದೇ ಇಲ್ಲ. ಅದು ಯಾವ ಚೌಕವನ್ನು ನೆಲವೆಂದು ಹಿಡಿದಿದೆ, ಯಾವುದನ್ನು ನೀರೆಂದು ಹಿಡಿದಿದೆ ಎಂದು ಜಿಯೋಗ್ರಿಡ್ ಫೈಲು ತೆರೆದು ಕಣ್ಣಿನಿಂದ ನೋಡು.

ನೀನು ಕಲಿಯುವುದು ನನಗೆ ಬಹಳ ಸಂತೋಷ. ಮೀನುಗಾರರ ಮಗ ಸ್ವಂತ ಯಂತ್ರದಲ್ಲಿ ಗಾಳಿಯ ಲೆಕ್ಕ ಹಾಕುವುದು ಸಣ್ಣ ಮಾತಲ್ಲ. ಆದರೆ ಕಡಲಿಗೆ ಹೋಗುವವರಿಗೆ ಎಚ್ಚರಿಕೆ ಕೊಡಬೇಕಾದವರು ಹವಾಮಾನ ಇಲಾಖೆ ಮತ್ತು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್. ಅವರ ಮುನ್ಸೂಚನೆಯನ್ನು ಗುಂಪಿಗೆ ಹಾಕು. ನಿನ್ನದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮರುದಿನ ನಡೆದ ಗಾಳಿಯ ಜೊತೆ ಹೋಲಿಸು. ಒಂದು ಹಂಗಾಮು ಪೂರ್ತಿ.

ಶಿರಸಿಯ ತೋಟದವರು: ಇದಕ್ಕೇ ನಾನು ಹೇಳುವುದು, ಯಂತ್ರದ ಮಾತು ನಂಬಬಾರದು ಎಂದು. ನಾವು ಆರಿದ್ರೆ, ಪುನರ್ವಸು ನೋಡಿ ಅಡಿಕೆಗೆ ಕೊಳೆ ಔಷಧ ಹೊಡೆಯುತ್ತೇವೆ, ಕೊಟ್ಟೆ ಕಟ್ಟುತ್ತೇವೆ. ಅಜ್ಜನ ಕಾಲದಿಂದ ನಡೆದು ಬಂದಿದೆ.

ದಾಂಡೇಲಿಯ ಎಂಜಿನಿಯರ್: ಮಳೆನಕ್ಷತ್ರವೆಂದರೆ ಸೂರ್ಯ ಎಲ್ಲಿದ್ದಾನೆಂಬ ಲೆಕ್ಕ. ಒಂದೊಂದೂ ಹದಿಮೂರು, ಹದಿನಾಲ್ಕು ದಿನ. ಅದು ಹಂಗಾಮನ್ನು ಹೇಳುತ್ತದೆ, ನಾಳೆ ಮಳೆಯೋ ಬಿಸಿಲೋ ಎಂದು ಹೇಳುವುದಿಲ್ಲ. ಯಂತ್ರವೂ ತಪ್ಪಲಿಲ್ಲ, ಓದಿದವನು ತಪ್ಪಿದ.

ಶಿರಸಿಯ ತೋಟದವರು: ನೀವು ಎಷ್ಟು ಮಳೆಗಾಲ ತೋಟದಲ್ಲಿ ನಿಂತಿದ್ದೀರಿ ಸ್ವಾಮಿ?

ದಾಂಡೇಲಿಯ ಎಂಜಿನಿಯರ್: ಪ್ರಶ್ನೆಗೆ ಉತ್ತರ ಕೊಡಿ, ನನ್ನ ಜಾತಕ ಬೇಡ.

ಭಟ್ಕಳದ ಕಂಪ್ಯೂಟರ್ ಅಂಗಡಿಯವರು: ನನ್ನ ಸಂದೇಶಕ್ಕೆ ಅಷ್ಟು ಸಿಟ್ಟು ಮಾಡಿದವರು ಇದಕ್ಕೆ ಸುಮ್ಮನಿದ್ದಾರೆ.

ನಿರ್ವಾಹಕರು, ಶಿರಸಿ: ದಯವಿಟ್ಟು ವಿಷಯಕ್ಕೆ ಬನ್ನಿ.

ಅಂಕೋಲೆಯ ಶಿಕ್ಷಕ: ಮೇಡಂ, 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದ ಹಾಗೆ ಇನ್ನೊಮ್ಮೆ ಆಗುವುದನ್ನು ಈ ಮಾದರಿಯಿಂದ ಮೊದಲೇ ತಿಳಿಯಬಹುದೇ? ಮಕ್ಕಳು ಕೇಳುತ್ತಾರೆ.

ಮೇಡಂ: ಇದು ಮಳೆಯನ್ನು ಹೇಳಬಹುದು ಸರ್, ಗುಡ್ಡವನ್ನಲ್ಲ. ಇಳಿಜಾರನ್ನು ಎಲ್ಲಿ ಕಡಿದಿದ್ದಾರೆ, ಮಣ್ಣು ಎಷ್ಟು ನೀರು ಕುಡಿದಿದೆ, ಬಂಡೆಯ ಬಿರುಕು ಯಾವ ಕಡೆಗೆ ವಾಲಿದೆ ಎಂಬುದೆಲ್ಲ ಇದಕ್ಕೆ ತಿಳಿಯದು. ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡಿಸಿ, ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯಲಿ. ಇಲಾಖೆ ಅಳೆಯುವುದೂ ಆ ಹೊತ್ತಿಗೇ.

ಗೋಕರ್ಣದ ಸದಸ್ಯೆ: ಆ್ಯಪಲ್ ಲ್ಯಾಪ್‌ಟಾಪಿನಲ್ಲಿ ಆಗುತ್ತದೆಯೇ?

ಹಳಿಯಾಳದ ಸದಸ್ಯ: 8 ಜಿಬಿ ಇದ್ದರೆ ನಡೆಯುತ್ತದೆಯೇ ಮೇಡಂ?

ಮೇಡಂ: ಮೂರನೆಯ ಸಲ ಕೇಳುತ್ತಿದ್ದೀರಿ. ಮೊದಲ ಉತ್ತರ ಓದಿ.

ಹಳಿಯಾಳದ ಸದಸ್ಯ: ನಾನು ಕೇಳುತ್ತಿರುವುದು ಇದೇ ಮೊದಲು. ಸ್ವಲ್ಪ ಸಮಾಧಾನದಿಂದ ಹೇಳಬಹುದಿತ್ತು.

ಶಿರಸಿಯ ತೋಟದವರು: ಪಂಚಾಂಗ ಹಿಡಿದವರಿಗೆ ಇಷ್ಟು ಸಿಟ್ಟು ಬರುವುದಿಲ್ಲ.

ಮೇಡಂ: ಕಾರವಾರದ ತಮ್ಮ ಎಲ್ಲಿ? ಸಂದೇಶ ಅಳಿಸಿದೆಯಾ?

ಕಾರವಾರದ ವಿದ್ಯಾರ್ಥಿ: ಅಳಿಸಿದೆ ಅಕ್ಕ. ಆದರೆ ಅಷ್ಟರಲ್ಲಿ ಯಾರೋ ಅದನ್ನು ತದಡಿಯ ಮೀನುಗಾರರ ಗುಂಪಿಗೆ ಕಳುಹಿಸಿದ್ದಾರೆ. ಅಲ್ಲಿ ನಾನು ಸದಸ್ಯನಲ್ಲ.

ಮೇಡಂ: ತದಡಿಯವರು ಇಲ್ಲಿ ಯಾರಾದರೂ ಇದ್ದೀರಾ? ನಕ್ಷತ್ರ, ಯಂತ್ರ ಎಲ್ಲ ನಿಲ್ಲಿಸಿ, ಮೊದಲು ಇದಕ್ಕೆ ಉತ್ತರಿಸಿ.

ಗೋಕರ್ಣದ ಸದಸ್ಯೆ: ನನ್ನ ಭಾವ ಆ ಗುಂಪಿನಲ್ಲಿದ್ದಾರೆ. ಏನು ಬರೆಯಬೇಕು ಹೇಳಿ.

ಮೇಡಂ: "ನಾಳೆ ಮೂರರ ಮೇಲೆ ಗಾಳಿ ಇಳಿಯುತ್ತದೆ ಎಂಬ ಸಂದೇಶ ತಪ್ಪು. ಸಮಯವನ್ನು ತಪ್ಪಾಗಿ ಓದಲಾಗಿದೆ. ಆ ಹೊತ್ತಿಗೆ ಗಾಳಿ ಜೋರಿರುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಹೊರಡಿ." ಇಷ್ಟೇ. ಅದೇ ಮಾತನ್ನು ನೀನೂ ನಿನ್ನ ಗುಂಪಿಗೆ ಹಾಕು ತಮ್ಮಾ, ಅಳಿಸಿದರೆ ಸಾಲದು. ಓದಿ ಮುಗಿಸಿದವರಿಗೆ ಮೊದಲಿನ ಮಾತೇ ನೆನಪಿರುತ್ತದೆ.

ಗೋಕರ್ಣದ ಸದಸ್ಯೆ: ಹಾಕಿಸಿದೆ. ಭಾವ ದೋಣಿ ನಡೆಸುವ ತಾಂಡೇಲರಿಗೆ ಫೋನ್ ಕೂಡ ಮಾಡಿದ್ದಾರೆ.

ಕಾರವಾರದ ವಿದ್ಯಾರ್ಥಿ: ನಾನೂ ಹಾಕಿದೆ. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಓದಿದ್ದಾರೆ.

ಮೇಡಂ: ಆ ಇಬ್ಬರಿಗೆ ಫೋನ್ ಮಾಡು.

ಕಾರವಾರದ ವಿದ್ಯಾರ್ಥಿ: ಒಬ್ಬರು ಎತ್ತಿದರು. ಇನ್ನೊಬ್ಬರ ಫೋನ್ ಸ್ವಿಚ್ ಆಫ್ ಇದೆ. ಅಪ್ಪ ಸೈಕಲ್ ಹತ್ತಿ ಬೈತಖೋಲಿನ ಅವರ ಮನೆಗೆ ಹೊರಟಿದ್ದಾರೆ.

ಮೇಡಂ: ಅವರು ತಲುಪಿದ ಮೇಲೆ ಒಂದು ಸಾಲು ಬರೆ. ನಾನು ಕಾಯುತ್ತಿರುತ್ತೇನೆ. ನೇಮ್‌ಲಿಸ್ಟನ್ನು ನಾಳೆ ನೋಡೋಣ.

ಕಾರವಾರದ ವಿದ್ಯಾರ್ಥಿ: ತಲುಪಿದರು ಅಕ್ಕ. ಹೇಳಿಯಾಯಿತು.