‘ಸ್ವಾತಿ ನಕ್ಷತ್ರ’ ಅಂದರೆ ಒಂದು ಚುಕ್ಕಿಯೋ, ಆಕಾಶದ ಒಂದು ಪಾಲೋ?

ಎಲ್ಲರಿಗೂ ನಮಸ್ಕಾರ. ಆಕಾಶ ನೋಡುವುದನ್ನು ಹೊಸದಾಗಿ ಕಲಿಯುವವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ನಕ್ಷತ್ರ’ ಎಂಬ ಪದದ ಹತ್ತಿರವೇ ಕೆಲಸ ನಿಂತಿದೆ. ಬಳಕೆಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

‘ಇವತ್ತು ಚಂದ್ರ ಸ್ವಾತಿ ನಕ್ಷತ್ರದಲ್ಲಿದ್ದಾನೆ’ ಎಂಬ ಮಾತನ್ನೇ ನೋಡಿ. ಹೊಸಬರು ಇದನ್ನು ಓದಿ ಚಂದ್ರನ ಅಕ್ಕಪಕ್ಕದಲ್ಲಿ ಸ್ವಾತಿಯನ್ನು ಹುಡುಕುತ್ತಾರೆ. ಅಲ್ಲಿ ಅದು ಸಿಗುವುದೇ ಇಲ್ಲ. ಸ್ವಾತಿ ಅಂದರೆ ಆರ್ಕ್ಟುರಸ್. ಸೂರ್ಯ ಸಾಗುವ ದಾರಿಯಿಂದ ಅದು ಸುಮಾರು 30 ಡಿಗ್ರಿ ಉತ್ತರಕ್ಕಿದೆ. ಚಂದ್ರ ಆ ದಾರಿಯನ್ನು ಬಿಟ್ಟು ಆಚೀಚೆ ಸುಮಾರು 5 ಡಿಗ್ರಿಗಿಂತ ಜಾಸ್ತಿ ಸರಿಯುವುದಿಲ್ಲ. ಅಂದಮೇಲೆ ಇಬ್ಬರ ಭೇಟಿ ಯಾವತ್ತೂ ಆಗದು. ಶ್ರವಣದ್ದೂ ಇದೇ ಕಥೆ. ಚಿತ್ತೆ, ಮಘೆ, ರೋಹಿಣಿ, ಜ್ಯೇಷ್ಠೆಗಳಾದರೋ ದಾರಿಯ ಹತ್ತಿರವೇ ಇವೆ. ಚಂದ್ರ ಆಗಾಗ ಅವುಗಳನ್ನು ಮರೆಮಾಡುವುದೂ ಉಂಟು.

ಹಾಗಂತ ಪಂಚಾಂಗದ ಲೆಕ್ಕ ಸುಳ್ಳೇನಲ್ಲ. ಅಲ್ಲಿ ನಕ್ಷತ್ರ ಅಂದರೆ ದಾರಿಯ ಒಂದು ಪಾಲು. 360 ಡಿಗ್ರಿಯನ್ನು 27 ಪಾಲು ಮಾಡಿದರೆ ಒಂದೊಂದಕ್ಕೆ 13 ಡಿಗ್ರಿ 20 ಕಲೆ ಬರುತ್ತದೆ (60 ಕಲೆಗೆ ಒಂದು ಡಿಗ್ರಿ). ಚಂದ್ರ ಒಂದು ದಿನದಲ್ಲಿ ಹೆಚ್ಚು ಕಡಿಮೆ ಅಷ್ಟೇ ದೂರ ಹೋಗುತ್ತಾನೆ. ಸ್ವಾತಿ ಎಂಬ ಪಾಲಿಗೂ ಸ್ವಾತಿ ಎಂಬ ಚುಕ್ಕಿಗೂ ಒಂದೇ ಹೆಸರು, ಒಂದೇ ಪದ. ತೊಡಕು ಇರುವುದು ಅಲ್ಲೇ.

ಇದು ಸಾಲದು ಅಂತ ಇನ್ನೊಂದು ಅರ್ಥವೂ ಇದೆ: ತಾರೆಗಳ ಗುಂಪು. ಕೃತ್ತಿಕೆ ಒಂದು ಗೊಂಚಲು. ಪುನರ್ವಸು ಎರಡು ತಾರೆಗಳ ಜೋಡಿ. ಮೃಗಶಿರ ಅಂದರೆ ಮಹಾವ್ಯಾಧ (ಓರಿಯನ್) ಎಂಬ ತಾರಾಪುಂಜದ ತಲೆಯ ಹತ್ತಿರ ಒತ್ತೊತ್ತಾಗಿರುವ ಮೂರು ಮಂಕು ಚುಕ್ಕಿಗಳು. ಆದರೆ ಮಹಾವ್ಯಾಧನ ಇಡೀ ಆಕಾರವನ್ನೇ ಮೃಗಶಿರ ಎಂದು ಕರೆಯುವವರೂ ಇದ್ದಾರೆ. ಅದೇ ಆಕಾರದ ಭುಜದಲ್ಲಿ ಕೆಂಪಗೆ ಕಾಣುವ ಆರಿದ್ರೆ ಮತ್ತೆ ಬೇರೆಯೇ ನಕ್ಷತ್ರ!

ಹಾಗಾದರೆ ಬೇರೆ ಯಾವ ಪದ? ‘ಚುಕ್ಕಿ’ ನನಗೆ ತುಂಬಾ ಇಷ್ಟ. ಆದರೆ ಅದು ಬಹಳ ಧಾರಾಳಿ, ಬೆಳಗುವುದನ್ನೆಲ್ಲ ಒಳಗೆ ಸೇರಿಸಿಕೊಳ್ಳುತ್ತದೆ. ಬೆಳ್ಳಿಚುಕ್ಕಿ ಒಂದು ಗ್ರಹ, ಬಾಲಚುಕ್ಕಿ ಧೂಮಕೇತು. ಉಳಿದದ್ದು ‘ತಾರೆ’. ಅದಕ್ಕೆ ಪಂಚಾಂಗದ ಗಂಟು ಬಿದ್ದಿಲ್ಲ. ಸಿನಿಮಾದವರು ಎರವಲು ಪಡೆದಿದ್ದಾರೆ, ಇರಲಿ ಬಿಡಿ.

ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ‘ಯೋಗತಾರೆ’ ಎಂಬ ಪದವಿದೆ. ಒಂದೊಂದು ನಕ್ಷತ್ರವನ್ನೂ ಗುರುತಿಸಲು ಆರಿಸಿಕೊಂಡ ಮುಖ್ಯ ತಾರೆ ಅದು. ಅಂದರೆ ಪಾಲು ಬೇರೆ, ಗುರುತಿನ ಚುಕ್ಕಿ ಬೇರೆ ಎಂಬ ತಿಳಿವಳಿಕೆ ಆಗಲೇ ಇತ್ತು. ಪದ ಒಪ್ಪವಾಗಿದೆ. ಆದರೆ ಇವತ್ತಿನ ಓದುಗರು ‘ಯೋಗ’ ಅಂದ ಕೂಡಲೇ ಗಜಕೇಸರಿ ಯೋಗದ ಕಡೆಗೆ ಹೋಗಿಬಿಡುತ್ತಾರೆ, ಅಲ್ವಾ? ಅದಕ್ಕೇ ಯೋಗತಾರೆಯನ್ನು ಒಂದು ಸಲ ವಿವರಿಸಿ, ಆಮೇಲೆ ಸುಮ್ನೆ ‘ಸ್ವಾತಿ ತಾರೆ’ ಎಂದು ಬರೆಯೋಣ ಅನ್ನಿಸುತ್ತದೆ. ಪಾಲಿಗೆ ಮಾತ್ರ ‘ನಕ್ಷತ್ರ’ ಉಳಿಸಿಕೊಳ್ಳುವುದು.

ಹೀಗೆ ಬರೆದರೆ ಹೇಗಿರುತ್ತದೆ ನೋಡಿ: ‘ಏಪ್ರಿಲ್, ಮೇ ತಿಂಗಳ ರಾತ್ರಿ ಸಪ್ತರ್ಷಿ ಮಂಡಲ ಹುಡುಕಿ. ಅದರ ಬಾಲದಲ್ಲಿ ಅಂಗಿರಸ, ವಸಿಷ್ಠ, ಮರೀಚಿ ಎಂಬ ಮೂರು ತಾರೆಗಳಿವೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಬಾಲದ ಬಾಗನ್ನು ಹಾಗೇ ಮೂರು ಮುಷ್ಟಿ ಮುಂದಕ್ಕೆ ಎಳೆದರೆ ಕಿತ್ತಳೆ ಬಣ್ಣದಲ್ಲಿ ಜೋರಾಗಿ ಹೊಳೆಯುವ ಸ್ವಾತಿ ತಾರೆ. ಅದೇ ಬಾಗಿನಲ್ಲಿ ಇನ್ನೂ ಮೂರು ಮುಷ್ಟಿ ಹೋದರೆ ನೀಲಿ ಬಿಳುಪಿನ ಚಿತ್ತೆ.’ ಇಲ್ಲಿ ‘ನಕ್ಷತ್ರ’ ಇಲ್ಲದ್ದು ಯಾರಿಗಾದರೂ ಕೊರತೆ ಅನ್ನಿಸುತ್ತದೆಯೇ? ‘ಸ್ವಾತಿ ತಾರೆ’ ಕಿವಿಗೆ ಒಗ್ಗುತ್ತದೆಯೇ?

ಇನ್ನೊಂದು ಚಿಕ್ಕ ವಿಷಯ, ಹೊಸ ಹೆಸರುಗಳ ಬರವಣಿಗೆಯದು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತಾರೆಗಳ ಹೆಸರಿಗೆಂದೇ 2016ರಲ್ಲಿ ಒಂದು ತಂಡ ಮಾಡಿತು. ದುಡ್ಡು ಕೊಟ್ಟು ತಾರೆಗೆ ಹೆಸರಿಟ್ಟು ಪ್ರಮಾಣಪತ್ರ ತರುವವರಿದ್ದಾರಲ್ಲ, ಅಂಥ ಹೆಸರುಗಳನ್ನು ಒಕ್ಕೂಟ ಒಪ್ಪುವುದಿಲ್ಲ. ಅದರ ಪಟ್ಟಿಯಲ್ಲಿ ರೇವತಿ, ಭರಣಿ ಈಗ ಒಂದೊಂದು ತಾರೆಯ ಅಧಿಕೃತ ಹೆಸರು. ಇವನ್ನು ಕನ್ನಡದಲ್ಲಿ ಬರೆಯಲು ಏನೂ ಕಷ್ಟವಿಲ್ಲ. 2019ರಲ್ಲಿ ಹೆಸರಿಡಲೆಂದು ಭಾರತಕ್ಕೆ ಸಿಕ್ಕ ತಾರೆಯದ್ದೇ ಗೊಂದಲ. ಎಚ್‌ಡಿ 86081 ಎಂಬ ಆ ತಾರೆಗೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ಹೆಸರಿಟ್ಟರು. ಅದರ ಗ್ರಹಕ್ಕೆ ಸಂತಮಸ. ಬಂಗಾಳಿಯಲ್ಲಿ ‘ವ’ ಇರಬೇಕಾದಲ್ಲಿ ‘ಬ’ ಉಚ್ಚರಿಸುತ್ತಾರೆ, ಮೂಲ ಪದ ವಿಭಾ. ನಾವು ‘ಬಿಭಾ’ ಎಂದು ಬರೆಯಬೇಕೋ ‘ವಿಭಾ’ ಎಂದೋ? ವ್ಯಕ್ತಿಯ ಹೆಸರಾದ್ದರಿಂದ ‘ಬಿಭಾ’ ಇರಲಿ ಎಂಬುದು ನನ್ನ ಒಲವು. ‘ವಿಭಾ’ ಎನ್ನುವವರು ದಯವಿಟ್ಟು ಕಾರಣವನ್ನೂ ಬರೆಯಿರಿ.