ಈ ಯಾವ ಈ?

ಭಾನುವಾರ. ರಾಯರ ವರಾಂಡಕ್ಕೆ ಕಾಫಿ ಬರುವ ಮೊದಲೇ ಮೊಮ್ಮಗ ಪುಟ್ಟ, ಇಂಗ್ಲಿಷಿನ ಸದ್ದಿಗೂ ಸ್ಪೆಲಿಂಗಿಗೂ ಗಂಟು ಹಾಕಿ ಕಲಿಸುವ ಫೋನಿಕ್ಸ್ ಕ್ಲಾಸಿನ ಹೋಂವರ್ಕ್ ಹಿಡಿದು ಬಂದ. ‘ಈ’ ಅನ್ನುವ ಸದ್ದಿಗೆ ಆರು ಬೇರೆ ಬೇರೆ ಸ್ಪೆಲಿಂಗ್ ಬರೆಯಬೇಕಂತೆ.

“ಆರಾ?” ಅಂದ ಸೀನ. “ನಮ್ಮ ಈ ತಣ್ಣಗೆ ಒಂದೇ ಇದೆ. ಇವರ ಈ ಬೆಕ್ಕಿನ ಹಾಗೆ ಈಯುತ್ತಲೇ ಇದೆಯಲ್ಲ!”

ವಿಶ್ವ ಬೆರಳು ಮಡಿಸತೊಡಗಿದ. “ನೋಡುವ ಸೀಗೆ ಎರಡು ಇ. ಸಮುದ್ರದ ಸೀಗೆ ಇ, ಎ. ಬೀಗದ ಕೀಗೆ ಇ, ವೈ. ಫೀಲ್ಡಿಗೆ ಐ, ಇ. ಪೊಲೀಸಿಗೆ ಬರೀ ಐ. ಪೀಪಲ್‌ಗೆ ಇ, ಓ.”

“ಓಗೆ ಅಲ್ಲೇನು ಕೆಲಸ?”

“ಏನೂ ಇಲ್ಲ. ಸುಮ್ನೆ ಇರುತ್ತೆ.”

“ಗಂಡಿನ ಕಡೆಯ ದೊಡ್ಡಪ್ಪ ಅನ್ನು. ಬಡಿಸುವುದಿಲ್ಲ, ಎಲೆ ಎತ್ತುವುದಿಲ್ಲ. ಕರೆಯದಿದ್ದರೆ ಮಾತ್ರ ರಂಪ.”

“ರೂಲ್ ಇದೆ ಅಂಕಲ್,” ಅಂದ ಪುಟ್ಟ. “ಎರಡು ವವೆಲ್ ಜೊತೆಗೆ ವಾಕಿಂಗ್ ಹೋದ್ರೆ ಮೊದಲನೇದು ಮಾತಾಡುತ್ತೆ.”

“ಫೀಲ್ಡಲ್ಲಿ ಮುಂದೆ ಇರೋದು ಐ. ಮಾತಾಡಿದ್ದು ಹಿಂದಿನ ಇ. ಅಲ್ವಾ?”

ಪುಟ್ಟ ಪೆನ್ಸಿಲ್ ಕಚ್ಚಿದ.

“ಬಿಡು, ನಿಮ್ಮ ತಾತ ಅಜ್ಜಿ ವಾಕಿಂಗೂ ಹಾಗೇ. ಮುಂದೆ ನಡೆಯೋದು ತಾತ, ಮಾತೆಲ್ಲ ಅಜ್ಜಿದು.”

“ಸೀನ, ನಿನಗೆ ಇವತ್ತು ಕಾಫಿ ಇಲ್ಲ,” ಅಂತ ಪದ್ದಕ್ಕನ ದನಿ ಅಡುಗೆಮನೆಯಿಂದ ಬಂತು.

ವಿಶ್ವನಿಗೆ ಇತಿಹಾಸ ಹೇಳದೆ ಸಮಾಧಾನವಿಲ್ಲ. “ಹಿಂದೆ ಆ ಎರಡು ಸೀಗಳ ಉಚ್ಚಾರವೂ ಬೇರೆ ಬೇರೆ ಇತ್ತು ಕಣೋ. ಹೆಚ್ಚುಕಡಿಮೆ 1400ರಿಂದ 1700ರೊಳಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಅದರ ನಡುವೆ, 1476ರಲ್ಲಿ, ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಹಳೇ ಸ್ಪೆಲಿಂಗು ಅಚ್ಚಾಗಿ ಕೂತುಬಿಟ್ಟಿತು.”

“ಅಂದರೆ ಬಾಡಿಗೆಯವರು ಮನೆ ಖಾಲಿ ಮಾಡಿ ಮುನ್ನೂರು ವರ್ಷ ಆಯ್ತು, ಗೇಟಿನ ಮೇಲೆ ಅವರ ಬೋರ್ಡು ಹಾಗೇ ಇದೆ. ಕಾಗದ ಹಿಡಿದು ಅಲೆಯೋ ಪೋಸ್ಟ್‌ಮ್ಯಾನ್ ನಮ್ಮ ಪುಟ್ಟ.”

“ನಾವೇನು ಸಾಚಾನಾ? ಋ ಬರೆದು ರು ಅಂತೀವಿ.”

“ಒಂದು ಋ ತಪ್ಪಿಸಿಕೊಂಡಿದೆ, ಒಪ್ಪಿದೆ. ಇವರ ಜೈಲೇ ಖಾಲಿ.”

“ಆ ಈ ಮೇಲೆ ನಿನಗ್ಯಾಕಯ್ಯ ಇಷ್ಟು ಸಿಟ್ಟು?” ಅಂದರು ರಾಯರು.

“ನನ್ನ ಹೆಸರು ಶ್ರೀನಿವಾಸ ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಶ್ರೀಗೆ ಎರಡು ಇ. ಪಾಸ್‌ಬುಕ್ಕಿನಲ್ಲಿ ಒಂದು ಐ. ಆಧಾರ್ ಕಾರ್ಡಿನಲ್ಲಿ ಒಂದು ಎಚ್ಚೂ ಬಂದು ಸೇರಿದೆ. ಮೂವರೂ ಒಬ್ಬನೇ ಅಂತ ಅಫಿಡವಿಟ್ ತನ್ನಿ ಅಂದರು. ಹೆತ್ತ ಅಮ್ಮ ಪಕ್ಕದಲ್ಲೇ ಕೂತಿದ್ದಳು. ‘ಇವನು ನಮ್ಮ ಸೀನೀನೇ ಸ್ವಾಮಿ’ ಅಂದಳು. ನಡೀಲಿಲ್ಲ. ಛಾಪಾ ಕಾಗದ ಹೇಳಿದ ಮೇಲೇ ನಾನು ನಾನಾದೆ.”

ಯಾರೂ ಮಾತಾಡಲಿಲ್ಲ. ರಾಯರು ಪುಟ್ಟನ ಪುಸ್ತಕ ಎಳೆದುಕೊಂಡು ಅಂಚಿನಲ್ಲಿ ಬರೆದರು. “ಕ ಗುಡಿಸು ಕಿ. ಕ ಗುಡಿಸಿನ ದೀರ್ಘ ಕೀ.” ಬರೆಯುತ್ತಾ ಬರೆಯುತ್ತಾ ಅದಕ್ಕೆ ಹಳೇ ರಾಗ ಬಂತು. “ಕ ಕೊಂಬು ಕು,” ಅಂತ ಅಡುಗೆಮನೆಯಿಂದ ಪದ್ದಕ್ಕ ಮುಂದುವರಿಸಿದರು.

ಪುಟ್ಟ ಬಗ್ಗಿ ನೋಡಿದ. “ಕೀಗೆ ಇದೊಂದೇ ಸ್ಪೆಲಿಂಗಾ?”

“ಒಂದೇ.”

“ಈಸಿ ಇದೆ ತಾತ! ಇದರ ಕ್ಲಾಸ್ ಎಲ್ಲಿ?”

“ಇಲ್ಲೇ. ಭಾನುವಾರ ಬೆಳಿಗ್ಗೆ.”

“ಭಾನುವಾರ ಅಬಾಕಸ್ ಅಲ್ವಾ ತಾತ,” ಅಂದ ಪುಟ್ಟ, ಬ್ಯಾಗ್ ಹೆಗಲಿಗೆ ಏರಿಸುತ್ತಾ. ಗೇಟಿನಾಚೆ ಆಟೊ ಹಾರ್ನ್ ಹೊಡೆಯುತ್ತಿತ್ತು.