ಹನ್ನೆರಡನೇ ಕ್ಲಾಸಿನಲ್ಲಿ ಗ್ರೇಡ್ ಇಳಿದರೆ ಅಮೆರಿಕದ ಕಾಲೇಜು ಸೀಟಿಗೆ ಏಟು ಬೀಳುತ್ತದೆಯೇ?

ಪ್ರಶ್ನೆ (ಕ್ಯಾಲಿಫೋರ್ನಿಯಾದಿಂದ ಒಬ್ಬ ತಾಯಿ):
ಮಗಳು ಇಲ್ಲಿಯ ಪಬ್ಲಿಕ್ ಹೈಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸ್. ಹತ್ತು, ಹನ್ನೊಂದರಲ್ಲಿ ಹೆಚ್ಚೂಕಡಿಮೆ ಎಲ್ಲ ‘ಎ’. ಈಗ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್) ಕ್ಯಾಲ್ಕ್ಯುಲಸ್‌ನಲ್ಲಿ ಮೊದಲ ಸೆಮಿಸ್ಟರಿಗೆ ‘ಸಿ’ ಬರುವ ಹಾಗಿದೆ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಿಗೂ ನಾಲ್ಕೈದು ಖಾಸಗಿ ಕಾಲೇಜುಗಳಿಗೂ ಅರ್ಜಿ ಹಾಕಿಯಾಗಿದೆ. ನಮ್ಮೂರಲ್ಲಿ ಇಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಸೆಕೆಂಡ್ ಪಿಯುಸಿಯ ಪಿಸಿಎಂ ಅಂಕವೇ ಅರ್ಧ ಪಾಲು, ಹಾಗಾಗಿ ಗಾಬರಿ. ಕ್ಯಾಲ್ಕ್ಯುಲಸ್ ಬಿಟ್ಟು ಸ್ಟಾಟಿಸ್ಟಿಕ್ಸ್ ತಗೊಳ್ಳಲಾ ಅಂತ ಕೇಳುತ್ತಿದ್ದಾಳೆ.

ಉತ್ತರ 1:
ಮೇಡಂ, ಯುಸಿಗೂ ಖಾಸಗಿ ಕಾಲೇಜಿಗೂ ಲೆಕ್ಕವೇ ಬೇರೆ ಬೇರೆ. ಯುಸಿ ಜಿಪಿಎಗೆ (ಗ್ರೇಡ್‌ಗಳ ಸರಾಸರಿಗೆ) ಒಂಬತ್ತನೇ ಕ್ಲಾಸ್ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ‘ಎ-ಜಿ’ ವಿಷಯಗಳಷ್ಟೇ (ಪ್ರವೇಶಕ್ಕೆ ಯುಸಿ ಕೇಳುವ ಹೈಸ್ಕೂಲ್ ವಿಷಯಗಳು) ಸೇರುತ್ತವೆ. ಎಪಿ, ಆನರ್ಸ್‌ಗೆ ಸಿಗುವ ಹೆಚ್ಚುವರಿ ಅಂಕ ಒಟ್ಟು 8 ಸೆಮಿಸ್ಟರಿಗೆ ಮಾತ್ರ, ಅದರಲ್ಲಿ ಹತ್ತನೇ ಕ್ಲಾಸಿನದು 4 ದಾಟುವಂತಿಲ್ಲ. ಗ್ರೇಡಿನ ಪ್ಲಸ್, ಮೈನಸ್ ಲೆಕ್ಕಕ್ಕಿಲ್ಲ. ಹನ್ನೆರಡರಲ್ಲಿ ಯಾವ ಕೋರ್ಸ್ ತಗೊಂಡಿದ್ದಾಳೆ ಎಂಬುದನ್ನು ನೋಡುತ್ತಾರೆ, ಆದರೆ ಆ ‘ಸಿ’ ಜಿಪಿಎ ಕದಲಿಸುವುದಿಲ್ಲ. ಕ್ಯಾಂಪಸ್‌ನವರು ಹೆಚ್ಚಿನ ಮಾಹಿತಿ ಕೇಳಿದರೆ ಅಥವಾ ವೇಟ್‌ಲಿಸ್ಟ್‌ಗೆ ಹೋದರೆ ಮಾತ್ರ ಮೊದಲ ಸೆಮಿಸ್ಟರಿನ ಗ್ರೇಡ್ ಮುಂದೆ ಬರಬಹುದು.

ಖಾಸಗಿ ಕಾಲೇಜುಗಳ ವಿಷಯ ಹಾಗಲ್ಲ. ಜನವರಿ-ಫೆಬ್ರವರಿಯಲ್ಲಿ ಸ್ಕೂಲಿನ ಕೌನ್ಸಿಲರ್ ಮೊದಲ ಸೆಮಿಸ್ಟರಿನ ಗ್ರೇಡ್ ಇರುವ ಮಿಡ್-ಇಯರ್ ರಿಪೋರ್ಟ್ ಕಳಿಸುತ್ತಾರೆ. ರೆಗ್ಯುಲರ್ ಡಿಸಿಷನ್ (ಮಾಮೂಲಿ ಗಡುವಿನ) ಅರ್ಜಿ ಓದುವವರ ಕೈಗೆ ಅದು ಸಿಗುತ್ತದೆ. ಇಂಜಿನಿಯರಿಂಗ್ ಕೇಳಿದ್ದರೆ ಗಣಿತದ ‘ಸಿ’ ಖಂಡಿತ ಎದ್ದು ಕಾಣುತ್ತದೆ. ನವೆಂಬರಿನಲ್ಲಿ ಅರ್ಲಿಗೆ (ಮುಂಚಿನ ಗಡುವಿಗೆ) ಹಾಕಿ ಡಿಫರ್ ಆಗಿ ತೀರ್ಮಾನ ಮುಂದಕ್ಕೆ ಹೋಗಿದ್ದರಂತೂ ಆ ರಿಪೋರ್ಟ್‌ಗೆ ಇನ್ನೂ ತೂಕ ಜಾಸ್ತಿ, ಯಾಕೆಂದರೆ ಡಿಸೆಂಬರ್ ನಂತರ ಅವರಿಗೆ ಸಿಗುವ ಹೊಸ ವಿಷಯ ಅದೊಂದೇ ಇರಬಹುದು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ನನಗೆ ‘ಸಿ’ಗಿಂತ ಭಯ ಹುಟ್ಟಿಸುವುದು ಕೋರ್ಸ್ ಬದಲಾಯಿಸುವ ಮಾತು. ಅರ್ಜಿಯಲ್ಲಿ ಕ್ಯಾಲ್ಕ್ಯುಲಸ್ ಅಂತ ಬರೆದಾಗಿದೆ. ಬಿಟ್ಟರೆ ಅರ್ಜಿ ಹಾಕಿದ ಕಾಲೇಜುಗಳಿಗೆಲ್ಲ ತಿಳಿಸಲೇಬೇಕು, ಯುಸಿಗೂ. ‘ಡಿ’ ಅಥವಾ ‘ಎಫ್’ ಬಂದರೂ ಅಷ್ಟೇ. ಹೇಳದೆ ಬಿಟ್ಟು ಜುಲೈನಲ್ಲಿ ಫೈನಲ್ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ನೋಡಿ ಅವರೇ ಕಂಡುಕೊಂಡರೆ, ಕೊಟ್ಟ ಸೀಟನ್ನೂ ವಾಪಸ್ ತಗೊಳ್ಳಬಹುದು. ಬದಲಾಯಿಸಲೇಬೇಕು ಅಂದರೆ ಮೊದಲು ಕೌನ್ಸಿಲರ್ ಹತ್ತಿರ ಎರಡು ಪ್ರಶ್ನೆ ಕೇಳಿ: ಈಗ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಡಬ್ಲ್ಯೂ’ (ಕೋರ್ಸ್ ಅರ್ಧಕ್ಕೆ ಬಿಟ್ಟ ಗುರುತು) ಬೀಳುತ್ತದಾ? ಅವಳು ಕೇಳಿದ ಮೇಜರ್‌ಗೆ (ಕಾಲೇಜಿನ ಮುಖ್ಯ ವಿಷಯಕ್ಕೆ) ಕ್ಯಾಲ್ಕ್ಯುಲಸ್ ಬೇಕಾ? ಗಣಿತ ಹೆಚ್ಚಿರುವ ಮೇಜರ್ ಆದರೆ ಬಿಡಬೇಡಿ, ಟ್ಯೂಷನ್ ಕೊಡಿಸಿ.

ಪ್ರಶ್ನೆ ಕೇಳಿದವರು:
ಸೀಟು ಸಿಕ್ಕಮೇಲೆ ಎಷ್ಟು ಇಳಿದರೆ ಅಪಾಯ?

ಉತ್ತರ 2:
ಅಡ್ಮಿಷನ್ ಪತ್ರದ ಜೊತೆ ಷರತ್ತುಗಳ ಪುಟ ಬರುತ್ತದೆ, ಅದನ್ನು ಒಂದೊಂದೇ ಸಾಲು ಓದಿ. ಯುಸಿಯಲ್ಲಿ ಸಾಮಾನ್ಯವಾಗಿ ಹನ್ನೆರಡನೇ ಕ್ಲಾಸಿಗೆ 3.0 ಜಿಪಿಎ, ಯಾವ ‘ಎ-ಜಿ’ ವಿಷಯದಲ್ಲೂ ‘ಸಿ’ಗಿಂತ ಕೆಳಗಿಲ್ಲ ಅಂತಿರುತ್ತದೆ. ಟ್ರಾನ್ಸ್‌ಕ್ರಿಪ್ಟ್‌ಗೆ ಜುಲೈ 1, ಎಪಿ ಅಂಕಕ್ಕೆ ಜುಲೈ 15 ಕೊನೆ. ಖಾಸಗಿಯವರು ಅಂಕಿ ಬರೆಯದೆ ‘ಇದೇ ಮಟ್ಟ ಉಳಿಸಿಕೊಳ್ಳಬೇಕು’ ಅನ್ನುತ್ತಾರೆ. ಅಲ್ಲಿ ಒಂದು ‘ಸಿ’ಗೆ ಸೀಟು ಹೋಗುವುದು ಅಪರೂಪ, ‘ಎ’ ಇದ್ದಲ್ಲೆಲ್ಲ ‘ಸಿ’ ಬಂದರೆ ವಿವರಣೆ ಕೇಳಿ ಪತ್ರ ಬರುತ್ತದೆ.

ಉತ್ತರ 3:
ಖಾಸಗಿ ಕಾಲೇಜಿಗೆ ಈಗಲೇ ಒಂದು ಮಾತು ಹೇಳಿಸಬಹುದು. ಕಾಯಿಲೆ, ಟೀಚರ್ ಬದಲಾವಣೆ ಥರದ ನಿಜವಾದ ಕಾರಣವಿದ್ದರೆ ಮಿಡ್-ಇಯರ್ ರಿಪೋರ್ಟ್ ಜೊತೆ ಎರಡು ಸಾಲು ಸೇರಿಸಲು ಕೌನ್ಸಿಲರ್‌ಗೆ ಕೇಳಿ. ಕಾರಣ ಇಲ್ಲದಿದ್ದರೆ ಸುಮ್ಮನಿರುವುದೇ ಲೇಸು. ಮಾರ್ಚ್ ಮೊದಲ ವಾರದೊಳಗೆ ಟೆಸ್ಟ್‌ಗಳಲ್ಲಿ ‘ಬಿ’ಗೆ ಏರಿದರೆ ಆ ಗ್ರೇಡನ್ನು ಮಗಳೇ ಕಾಲೇಜಿನ ಪೋರ್ಟಲ್‌ನಲ್ಲಿ ಅಪ್‌ಡೇಟ್ ಆಗಿ ಕಳಿಸಲಿ, ನೀವು ಬರೆಯಬೇಡಿ.